ಕಾಯಿಲ್‌ಗೆ ಬಾರದ ಕರೆಂಟು

ವೈರ್ ಮೇಸ್ತ್ರಿಗೆ ಕಾರು ಓಡಿಸಲು ಬರುವುದಿಲ್ಲ. ಮೂವತ್ತು ವರ್ಷಗಳಿಂದ ಊರಿನ ಅರ್ಧಕ್ಕರ್ಧ ಕಾರುಗಳ ಹೊಟ್ಟೆಗೆ ಕೈ ಹಾಕಿದ ಆಸಾಮಿ, ಒಂದನ್ನೂ ಬೀದಿಯ ತಿರುವಿನ ತನಕ ಓಡಿಸಿದವನಲ್ಲ. ಯಾರಾದರೂ ಕೆಣಕಿದರೆ, "ಹೆರಿಗೆ ಮಾಡಿಸಿದ ಡಾಕ್ಟ್ರೇ ಮಗೂನ ಸ್ಕೂಲಿಗೂ ಬಿಟ್ಟು ಬರ್ಬೇಕಾ?" ಅನ್ನುತ್ತಾನೆ. ಎಂಜಿನ್ನು, ಗೇರು, ಬ್ರೇಕು ಅವನ ಇಲಾಖೆಯಲ್ಲ. ಅವನದು ವೈರಿಂಗು. ಕರೆಂಟು ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಬೇಕಿತ್ತು, ದಾರಿಯಲ್ಲಿ ಎಲ್ಲಿ ಕೈಕೊಟ್ಟಿತು, ಇಷ್ಟೇ ಅವನ ಚಿಂತೆ. ಗಂಟೆಗಟ್ಟಲೆ ವೈರುಗಳ ಜೊತೆ ಗೊಣಗುಟ್ಟುತ್ತಾ ಕೂರುವ ಗಂಡನನ್ನು ನೋಡಿ ಹೆಂಡತಿ, "ನಮ್ಮ ಮನೆಯವ್ರಿಗೆ ವೈರಿಗಳೇ ಇಲ್ಲ ಕಣ್ರೀ, ಇರೋರೆಲ್ಲ ವೈರುಗಳೇ" ಎಂದು ಅಕ್ಕಪಕ್ಕದವರಿಗೆ ಹೇಳುವುದುಂಟು.

ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಮಿಕ್ಕಿದ ಸಂದಿಗೆ ತಗಡು ಹೊದಿಸಿದ ಜಾಗ. ಗೋಡೆಯ ಮೊಳೆಗಳಿಗೆ ಕೆಂಪು, ಹಸಿರು, ಹಳದಿ ವೈರಿನ ಸುರುಳಿಗಳು. ಬಾಗಿಲಲ್ಲಿ ಒಂದು ಕಾಲು ಗಿಡ್ಡವಾದ ಸ್ಟೂಲು. ಅದರ ಮೇಲೆ ಕೂರಲು ಮೇಸ್ತ್ರಿಗೊಬ್ಬನಿಗೇ ಗೊತ್ತು, ಗಿರಾಕಿ ಕೂತರೆ ಸೀದಾ ನೆಲಕ್ಕೆ. ಅವನ ಮುಖ್ಯ ಆಯುಧ ಒಂದು ಟೆಸ್ಟ್ ಲ್ಯಾಂಪು. ಹಳೆಯ ಬಲ್ಬಿಗೆ ಎರಡು ವೈರ್ ಬೆಸೆದು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ದಬ್ಬಳ. ಕರೆಂಟಿದ್ದರೆ ಬಲ್ಬು ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೊಸ ಕಾರಿನವರು ಕಂಪ್ಯೂಟರ್ ಹಚ್ಚಿ ಅರ್ಧ ಪುಟದ ವರದಿ ತಂದು ತೋರಿಸಿದರೆ ಮೇಸ್ತ್ರಿ ಅದನ್ನು ಗೌರವದಿಂದ ಮಡಿಸಿ ಕೊಟ್ಟು, "ನನ್ನದು ಹೌದು, ಇಲ್ಲ, ಎರಡೇ ಮಾತು ಸಾರ್" ಅನ್ನುತ್ತಾನೆ.

ಎಷ್ಟೇ ಆತುರದ ಗಿರಾಕಿ ಬರಲಿ, ಒಂದು ಕೆಲಸ ಮಾತ್ರ ಅವನು ಮಾಡುವುದಿಲ್ಲ. ಕೆಟ್ಟ ವೈರನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನೆಳೆದು ಗಾಡಿ ಹೊರಡಿಸುವ ಬೈಪಾಸ್ ಕೆಲಸ. ಕಸುಬಿಗೆ ಬಿದ್ದ ಹೊಸತರಲ್ಲಿ ಒಬ್ಬ ಔಷಧಿ ವ್ಯಾಪಾರಿಯ ಕಾರಿಗೆ ಹಾಗೆ ಮಾಡಿದ್ದ. ಸತ್ತಿದೆ ಅಂದುಕೊಂಡಿದ್ದ ವೈರು ಸತ್ತಿರಲಿಲ್ಲ, ಮೂರ್ಛೆ ಹೋಗಿತ್ತು. ಅರ್ಧ ದಾರಿಯಲ್ಲಿ ಅದಕ್ಕೆ ಎಚ್ಚರವಾಗಿ ಡ್ಯಾಶ್‌ಬೋರ್ಡಿಗೆ ಬೆಂಕಿ ಹತ್ತಿತು. ವ್ಯಾಪಾರಿ ಹುಬ್ಬುಗಳನ್ನಷ್ಟೇ ಕಳೆದುಕೊಂಡು ಪಾರಾದ. ಆಮೇಲೆ ಆರು ತಿಂಗಳು ಆತ ಎದುರಿಗೆ ಸಿಕ್ಕಾಗಲೆಲ್ಲ ಆ ಬೋಳು ಹಣೆ ನೋಡಲಾರದೆ ಮೇಸ್ತ್ರಿ ರಸ್ತೆ ದಾಟಿಬಿಡುತ್ತಿದ್ದ. ಅಂದಿನಿಂದ, ಕಾಯಿಲೆ ಏನು ಎಂದು ಗೊತ್ತಾಗದೆ ಯಾವ ಗಾಡಿಯನ್ನೂ ಅವನು ಬಿಟ್ಟುಕೊಟ್ಟಿಲ್ಲ.

ಆ ಶನಿವಾರ ಬೆಳಿಗ್ಗೆ ಅಂಗಡಿಯ ತಗಡು ಎತ್ತುವಷ್ಟರಲ್ಲಿ ಟೈಲರಮ್ಮ ಬಂದು ನಿಂತಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಣ್ಣಾ, ಚೀಲ ತಗೊಂಡು ಬನ್ನಿ. ನಮ್ಮ ಹೆಡ್‌ಮಾಸ್ಟರ್ ಸಾರ್ ಕಾರು ಸ್ಟಾರ್ಟ್ ಆಗ್ತಿಲ್ಲ."

"ಅವ್ರ ಕಾರಿಗೆ ನಿನಗ್ಯಾಕಮ್ಮ ಇಷ್ಟು ಆತುರ?"

"ಸ್ಟಾರ್ಟ್ ಆದ್ರೆ ಅದು ನಂದು. ಆಗದಿದ್ರೆ ಗುಜರಿಯವನದು. ಐದು ಗಂಟೆಗೆ ಅವನ ಲಾರಿ ಬರುತ್ತೆ."

ದಾರಿಯುದ್ದಕ್ಕೂ ಅವಳು ಹೇಳುತ್ತಾ ಬಂದಳು, ಮೇಸ್ತ್ರಿ ಹೂಂಗುಟ್ಟುತ್ತಾ ನಡೆದ. ನಿವೃತ್ತ ಹೆಡ್‌ಮಾಸ್ಟರ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಶಾಲೆಗಳ ಯೂನಿಫಾರಂ ಹೊಲಿಯುತ್ತಾಳೆ. ಒಂಬತ್ತು ವರ್ಷಗಳಿಂದ ಗಂಟುಗಳನ್ನು ಬಸ್ಸಿಗೆ ಹೇರಿ, ಕಂಡಕ್ಟರುಗಳ ಕೈಲಿ ಬೈಸಿಕೊಂಡು, ಎರಡು ಬಸ್ ಬದಲಿಸಿ ತಲುಪಿಸುತ್ತಿದ್ದಾಳೆ. ಹೋದ ವರ್ಷ ಹೀಗೇ ತಡವಾಗಿ ಎರಡು ಶಾಲೆ ಕೈಬಿಟ್ಟುಹೋದವು. ಈ ವರ್ಷ ಆರು ಶಾಲೆಗಳ ಒಂದು ಸಂಸ್ಥೆ ಅವಳನ್ನು ಕರೆದಿದೆ. ಬಟ್ಟೆ ಹೊಲಿದು ಮುಗಿಯುತ್ತಾ ಬಂದಿದೆ, ಆದರೆ ಆರೂ ಕಡೆ ಸೋಮವಾರ ಬೆಳಿಗ್ಗೆಯೇ ತಲುಪಬೇಕು. ಆಗುತ್ತದೋ ಇಲ್ಲವೋ ಎಂದು ಇವತ್ತು ಸಂಜೆ ಆರರೊಳಗೆ ಹೇಳಬೇಕು. ಇತ್ತ ಹೆಡ್‌ಮಾಸ್ಟರ ಕಣ್ಣು ಮಂಜಾಗಿ ಲೈಸೆನ್ಸ್ ನವೀಕರಣ ಆಗಲಿಲ್ಲ. ಕಾರು ನೀನೇ ಇಟ್ಟುಕೋ ಅಂದರು. ಆದರೆ ನಿನ್ನೆ ನೋಡಿದರೆ ಗಾಡಿ ನಿಂತುಬಿಟ್ಟಿದೆ.

"ನಿಂತಿದ್ರೂ ಪರವಾಗಿಲ್ಲ ಕೊಡಿ, ನಾನೇ ರಿಪೇರಿ ಮಾಡಿಸ್ಕೋತೀನಿ ಅಂದೆ. ಕೇಳಲ್ಲ ಅಣ್ಣ. ಓಡೋ ಗಾಡಿ ಕೊಡ್ತೀನಿ ಅಂತ ಹೇಳಿದ್ದೆ, ಓಡದ ಗಾಡಿ ಕೊಟ್ರೆ ಮಾತು ತಪ್ಪಿದ ಹಾಗೆ ಅಂತಾರೆ. ನಿನ್ನೆ ಒಬ್ಬ ಮೆಕ್ಯಾನಿಕ್ ಬಂದು ಪ್ಲಗ್ಗೆಲ್ಲ ಹೊಸದು ಹಾಕಿದ. ಆಗ್ಲಿಲ್ಲ. ವಯಸ್ಸಾಯ್ತು ಅಂದ."

"ಗಾಡಿಗೋ, ಅವನಿಗೋ?"

"ಅದನ್ನ ಹೇಳ್ಲಿಲ್ಲ."

ಕಾರ್ ಷೆಡ್ಡು ಶಾಲೆಯ ಕೋಣೆಯ ಹಾಗಿತ್ತು. ಗೋಡೆಗೆ ಒಂದು ಹಳೆಯ ಕಪ್ಪು ಹಲಗೆ, ಅದರ ಮೇಲೆ ಎಣ್ಣೆ ಬದಲಿಸಿದ ತಾರೀಖುಗಳು ದುಂಡು ಅಕ್ಷರದಲ್ಲಿ. ಕಪಾಟಿನಲ್ಲಿ ಮೊಳೆಗಳು ಎತ್ತರದ ಪ್ರಕಾರ, ಬೆಳಗಿನ ಸಾಲಿಗೆ ನಿಂತ ಮಕ್ಕಳಂತೆ, ಬೇರೆಬೇರೆ ಡಬ್ಬಿಗಳಲ್ಲಿ. ನಡುವೆ ಬೂದಿ ಬಣ್ಣದ ಹಳೇ ಕಾರು ಥಳಥಳ ಹೊಳೆಯುತ್ತಿತ್ತು.

ಹೆಡ್‌ಮಾಸ್ಟರು ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಹತ್ತಿರ ಬಂದು, ಮೇಸ್ತ್ರಿಯ ಮುಖವನ್ನು ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು.

"ಓ, ನೀವಾ?"

"ಹೌದು ಸಾರ್, ನಾನೇ," ಎಂದ ಮೇಸ್ತ್ರಿ. ತನ್ನ ಹೆಸರು ಇಷ್ಟು ದೂರ ಹಬ್ಬಿದೆಯಲ್ಲ ಎಂದು ಒಳಗೊಳಗೇ ಉಬ್ಬಿದ. ಹೆಡ್‌ಮಾಸ್ಟರು ಸಣ್ಣಗೆ ನಕ್ಕು ಕುರ್ಚಿಗೆ ಹೋಗಿ ಕೂತರು. ಆ ನಗುವಿನಲ್ಲಿ ಏನೋ ಇತ್ತು. ಮೇಸ್ತ್ರಿ ಅದನ್ನು ಗಮನಿಸಲಿಲ್ಲ.

ಟೈಲರಮ್ಮನನ್ನು ಸೀಟಿಗೆ ಕೂರಿಸಿ ಕೀಲಿ ತಿರುಗಿಸಲು ಹೇಳಿದ. ಸ್ಟಾರ್ಟರು ಗರಗರನೆ ತಿರುಗಿತು, ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ. ಸರಿ, ಬ್ಯಾಟರಿ ಗಟ್ಟಿಯಾಗಿದೆ. ಮೂಗು ಒಡ್ಡಿ ನೋಡಿದ, ಪೆಟ್ರೋಲಿನ ವಾಸನೆ ಬಂತು. ಅದೂ ಬರುತ್ತಿದೆ. ಇನ್ನು ಕಿಡಿ. ಒಂದು ಪ್ಲಗ್ಗಿನ ವೈರ್ ಕಿತ್ತು ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು ಮತ್ತೆ ತಿರುಗಿಸಲು ಹೇಳಿದ. ಕಿಡಿ ಹಾರಬೇಕಿತ್ತು. ಹಾರಲಿಲ್ಲ.

"ಕಿಡಿ ಹುಟ್ಟೋದು ಇಲ್ಲಿ," ಎಂದು ಎಂಜಿನ್ನಿನ ಪಕ್ಕದ, ಲೋಟದ ಗಾತ್ರದ ಕಪ್ಪು ಡಬ್ಬಿಯನ್ನು ತೋರಿಸಿದ. "ಇದು ಕಾಯಿಲ್ಲು. ಇದಕ್ಕೇ ಕಾಯಿಲೆ ಇರ್ಬಹುದು." ಮೂವತ್ತು ವರ್ಷಗಳಿಂದ ಅವನು ಹೇಳುತ್ತಾ ಬಂದಿರುವ ಜೋಕು ಇದು. ಟೈಲರಮ್ಮ ನಕ್ಕಳು. ಹೆಡ್‌ಮಾಸ್ಟರು ನಗಲಿಲ್ಲ.

ಕಾಯಿಲ್ಲಿನ ತಲೆಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದ. ಬಲ್ಬು ಉರಿಯಲಿಲ್ಲ. ಅಂದರೆ ಕಾಯಿಲ್ಲಿನ ತಪ್ಪಲ್ಲ, ಅದಕ್ಕೆ ಕರೆಂಟೇ ಬರುತ್ತಿಲ್ಲ. ಸ್ಟೇರಿಂಗಿನ ಕೆಳಗಿನ ಫ್ಯೂಸ್ ಡಬ್ಬಿಗೆ ಮುಟ್ಟಿಸಿದ. ಬಲ್ಬು ಝಗ್ಗನೆ ಹೊತ್ತಿಕೊಂಡಿತು. ಇಲ್ಲಿಯ ತನಕ ಇದೆ, ಅಲ್ಲಿಗೆ ಇಲ್ಲ. ನಡುವಿನ ಮೂರು ಮೊಳದಲ್ಲಿ ಎಲ್ಲೋ ಕರೆಂಟು ಮಾಯ.

ಆ ಮೂರು ಮೊಳ ಡ್ಯಾಶ್‌ಬೋರ್ಡಿನ ಹಿಂದಿತ್ತು. ಮೇಸ್ತ್ರಿ ಕಾಲುಗಳನ್ನು ಸೀಟಿನ ಮೇಲೆ ಹಾಕಿ, ತಲೆಯನ್ನು ಪೆಡಲುಗಳ ನಡುವೆ ತೂರಿಸಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ನೋಡಿದ. ವೈರುಗಳನ್ನೆಲ್ಲ ಒಟ್ಟು ಸೇರಿಸಿ, ಮೇಣ ಹಚ್ಚಿದ ದಾರದಿಂದ ಬೆರಳಗಲಕ್ಕೊಂದರಂತೆ ಗಂಟು ಹಾಕಿ, ಎಳೆದರೂ ಜಗ್ಗದಂತೆ ಯಾರೋ ಬಿಗಿದು ಕಟ್ಟಿದ್ದರು.

"ಯಾವ ಮಹಾನುಭಾವ ಇದನ್ನ ಕಟ್ಟಿದ್ದು?" ಎಂದ ಒಳಗಿನಿಂದಲೇ. ಟಾರ್ಚು ಬಾಯಲ್ಲಿದ್ದುದರಿಂದ ಅದು ಮಂತ್ರದ ಹಾಗೆ ಕೇಳಿಸಿತು. ಹೊರಗೆ ಬಂದು ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿದ. "ಇದನ್ನ ಬಿಚ್ಚಬೇಕು ಅಂದ್ರೆ ಡ್ಯಾಶ್‌ಬೋರ್ಡ್ ಇಳಿಸ್ಬೇಕು. ಒಂದು ದಿನದ ಕೆಲಸ. ಅವನು ಕೈಗೆ ಸಿಕ್ಕಿದ್ರೆ ಇದೇ ದಾರದಲ್ಲಿ ಅವನನ್ನ ಕಟ್ಟಿಹಾಕ್ತಿದ್ದೆ."

"ಪಕ್ಕದಲ್ಲಿ ಇನ್ನೊಂದು ವೈರ್ ಎಳೆದ್ರೆ ಆಗಲ್ವಾ ಅಣ್ಣ?"

"ಆಗುತ್ತೆ. ಗಾಡಿ ಓಡುತ್ತೆ. ಒಳಗೆ ಏನು ಬೇಯ್ತಾ ಇದೆ ಅಂತ ನಿನಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಹಿಂದೆ ಆರು ಶಾಲೆ ಬಟ್ಟೆ ಬೇರೆ ಇರುತ್ತೆ."

ಟೈಲರಮ್ಮ ಮತ್ತೆ ಅದನ್ನು ಕೇಳಲಿಲ್ಲ.

ಮೇಸ್ತ್ರಿಗೆ ಒಂದು ಅನುಮಾನ ಬಂತು. ಕರೆಂಟು ಹೀಗೆ ಕತ್ತರಿಸಿದಂತೆ ನಿಂತರೆ, ನಡುವೆ ಕಳ್ಳ ಸ್ವಿಚ್ಚು ಇರಬಹುದು. ಕಳ್ಳ ಸ್ವಿಚ್ಚು ಎಂದರೆ ಕಳ್ಳರು ಹಾಕುವುದಲ್ಲ, ಕಳ್ಳರಿಗಾಗಿ ಹಾಕುವುದು. ಕಾರಿನೊಳಗೆ ಯಾರಿಗೂ ಕಾಣದ ಕಡೆ ಒಂದು ಸಣ್ಣ ಗುಂಡಿ. ಅದನ್ನು ಆರಿಸಿ ಹೋದರೆ ಕೀಲಿ ಕದ್ದವನೂ ಗಾಡಿ ಹೊರಡಿಸಲಾರ.

"ಸಾರ್, ಇದಕ್ಕೆ ಯಾವಾಗ್ಲಾದ್ರೂ ಕಳ್ಳ ಸ್ವಿಚ್ಚು..."

"ಇಲ್ಲ," ಎಂದರು ಹೆಡ್‌ಮಾಸ್ಟರು, ಪ್ರಶ್ನೆ ಮುಗಿಯುವ ಮುಂಚೆಯೇ.

"ಮರೆತಿರ್ಬಹುದು ಸಾರ್. ಸ್ವಲ್ಪ ಯೋಚನೆ ಮಾಡಿ."

"ಅಂಥದ್ದು ಯಾವುದೂ ಇಲ್ಲ." ಆಮೇಲೆ ಕಣ್ಣು ಕಿರಿದು ಮಾಡಿ, "ಪರೀಕ್ಷೆ ಮಾಡ್ತಾ ಇದ್ದೀರೇನು?" ಎಂದು ಮತ್ತೆ ಅದೇ ನಗು ನಕ್ಕರು.

ವಯಸ್ಸಾದವರು, ಏನೋ ಹೇಳುತ್ತಾರೆ ಎಂದುಕೊಂಡು ಮೇಸ್ತ್ರಿ ಮತ್ತೆ ಪೆಡಲುಗಳ ನಡುವೆ ಹೋದ. ಕೈಗೆ ಸಿಗುವಷ್ಟು ವೈರನ್ನು ತುದಿಯಿಂದ ತುದಿಗೆ ತಡವಿದ. ಎಲ್ಲೂ ಸುಟ್ಟ ಗುರುತಿಲ್ಲ, ಮುರಿದ ಗುರುತಿಲ್ಲ. ಹನ್ನೆರಡಾಯಿತು, ಒಂದಾಯಿತು. ಮುಂದಿನ ಕೋಣೆಯಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಟೈಲರಮ್ಮ ಬಂದು ಬಾಗಿಲಲ್ಲಿ ನಿಂತು, ಮೇಸ್ತ್ರಿಯ ಅಂಗಾಲುಗಳನ್ನು ನೋಡಿ, ಏನೂ ಕೇಳದೆ ಹೋಗುತ್ತಿದ್ದಳು.

ಎರಡೂವರೆಗೆ ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. "ಅಂಗಡೀಲಿ ಇಲ್ಲ, ಫೋನ್ ಎತ್ತಲ್ಲ. ಬದುಕಿದ್ದಾರೋ ಇಲ್ವೋ ಅಂತ ಮೂರು ಬೀದಿ ಕೇಳ್ಕೊಂಡು ಬಂದೆ," ಎಂದಳು ಕಾಲುಗಳಿಗೆ.

ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾ, ದಾರ ಕಟ್ಟಿದವನ ಮೂರು ತಲೆಮಾರನ್ನು ಬೈದ. ಅವನಿಗೆ ಕಸುಬು ಬರಲ್ಲ, ಬುದ್ಧಿ ಇಲ್ಲ, ಮುಂದೆ ರಿಪೇರಿ ಮಾಡೋನ ಮೇಲೆ ಕರುಣೆ ಇಲ್ಲ. ಹೆಂಡತಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಂಥದ್ದೇನಿದೆ ನೋಡೋಣ ಎಂದು ಟಾರ್ಚು ತೆಗೆದುಕೊಂಡು ಕಾರಿನೊಳಗೆ ಬಗ್ಗಿದಳು. ಅರ್ಧ ನಿಮಿಷದಲ್ಲಿ ಹೊರಗೆ ಬಂದು ಸೆರಗು ಸರಿಮಾಡಿಕೊಂಡಳು.

"ಆ ಮಹಾನುಭಾವನ ಜೊತೆ ಇಪ್ಪತ್ತೇಳು ವರ್ಷದಿಂದ ಸಂಸಾರ ಮಾಡ್ತಾ ಇದ್ದೀನಿ," ಎಂದಳು.

ಮೇಸ್ತ್ರಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಗಂಟು ನೋಡ್ರೀ. ಎಲ್ಲ ಎಡಗಡೆಯಿಂದ ತಿರುಗಿದೆ. ದಿಂಬಿನ ಚೀಲದ ಲಾಡಿಯಿಂದ ಹಿಡಿದು ಕಸದ ಚೀಲದ ತನಕ ನೀವು ಕಟ್ಟಿದ್ದನ್ನ ಬಿಚ್ಚೋಳು ನಾನು. ನನಗೆ ಗೊತ್ತಾಗಲ್ವಾ?"

ಮೇಸ್ತ್ರಿ ಕೈ ತೊಳೆದು ಮತ್ತೆ ಒಳಗೆ ಹೋಗಿ ನೋಡಿದ. ತನ್ನಂಥ ಎಡಗೈಯವನ ಗಂಟು. ಮೇಣದ ದಾರ. ಹಿಂದೆ ತಾನು ಕೆಲಸಕ್ಕಿದ್ದ ದೊಡ್ಡ ಗ್ಯಾರೇಜು ಬಿಟ್ಟರೆ ಬೇರೆ ಯಾರೂ ಬಳಸದ ದಾರ. ಸಾವಕಾಶವಾಗಿ, ಹಳೆಯ ಬಲ್ಬು ಮಿಣುಕುವ ಹಾಗೆ, ನೆನಪು ಹೊತ್ತಿಕೊಂಡಿತು.

ಇಪ್ಪತ್ತೆರಡು ವರ್ಷದ ಹಿಂದೆ ಊರಿನಲ್ಲಿ ಕಾರು ಕಳ್ಳತನ ಜೋರಾಗಿತ್ತು. ಆಗ ಮೇಸ್ತ್ರಿಗೆ ಎದೆತನಕ ಗಡ್ಡ, ತಲೆತುಂಬ ಗರ್ವ. ನೂರೈವತ್ತು ಕಾರುಗಳಿಗೆ ಕಳ್ಳ ಸ್ವಿಚ್ಚು ಹಾಕಿದ್ದ, ಒಂದು ಇಟ್ಟ ಜಾಗದಲ್ಲಿ ಇನ್ನೊಂದಿಲ್ಲ. ಎಲ್ಲೂ ಬರೆದಿಡಲಿಲ್ಲ. ಬರೆದಿಟ್ಟರೆ ಕಳ್ಳರು ಪುಸ್ತಕವನ್ನೇ ಕದಿಯುತ್ತಾರಲ್ಲ. ಹಾಕಿದ ಜಾಗವನ್ನು ಬೇಕೆಂದೇ ಮರೆಯುವುದನ್ನು ಕಸುಬಿನ ಭಾಗವಾಗಿ ರೂಢಿಸಿಕೊಂಡಿದ್ದ. ಕೆಲಸ ಮುಗಿದ ಮೇಲೆ ಕಾರಿನ ಮಾಲೀಕನನ್ನು ಪಕ್ಕಕ್ಕೆ ಕರೆದು ಮಾತು ತೆಗೆದುಕೊಳ್ಳುತ್ತಿದ್ದ. ಇಂಥದ್ದೊಂದು ಇದೆ ಅಂತ ಯಾರಿಗೂ ಹೇಳಬಾರದು. ಪೊಲೀಸರು ಕೇಳಿದರೂ ಇಲ್ಲ ಅನ್ನಿ. ನಾಳೆ ನನ್ನ ಕುತ್ತಿಗೆಗೆ ಚಾಕು ಇಟ್ಟು ಕರೆತಂದು, ನಾನೇ ನಿಮ್ಮೆದುರು ನಿಂತು ಕೇಳಿದರೂ ಇಲ್ಲ ಅನ್ನಿ.

ನೂರೈವತ್ತರಲ್ಲಿ ನೂರ ನಲವತ್ತೊಂಬತ್ತು ಜನ ಮನೆಗೆ ಹೋಗಿ ಹೆಂಡತಿಗೆ ಹೇಳಿರುತ್ತಾರೆ. ಮಿಕ್ಕ ಒಬ್ಬರು ಇಲ್ಲಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಮೇಸ್ತ್ರಿ ಅವರ ಮುಂದೆ ಹೋಗಿ ನಿಂತ. ಬೆಳಿಗ್ಗೆಯಿಂದ ಬೈದದ್ದನ್ನೆಲ್ಲ ಟೈಲರಮ್ಮ ಕೇಳಿಸಿಕೊಂಡಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. "ಸಾರ್, ಈ ಗಾಡಿಗೆ ಕಳ್ಳ ಸ್ವಿಚ್ ಹಾಕಿದ ಮೂರ್ಖ ನಾನೇ," ಎಂದ. "ಎಲ್ಲಿ ಹಾಕಿದೆ ಅಂತ ಮರೆತಿದ್ದೀನಿ. ನೀವು ಹೇಳ್ಬೇಕು."

"ಸ್ವಿಚ್ಚು ಇಲ್ಲ," ಎಂದರು ಹೆಡ್‌ಮಾಸ್ಟರು.

"ನನಗೆ ಕೊಟ್ಟ ಮಾತು ಸಾರ್ ಅದು. ನಾನೇ ಬಿಟ್ಟುಕೊಡ್ತಾ ಇದ್ದೀನಿ."

"ಬಿಟ್ಟುಕೊಟ್ಟೆ ಅಂದ್ರೂ ಹೇಳ್ಬೇಡಿ ಅಂತಲೂ ಅವತ್ತೇ ಹೇಳಿದ್ರಿ. ಹಾಗೆ ಹೇಳಿದ್ದು ನೀವೇ ಅನ್ನೋದಾದ್ರೆ, ನಿಮಗೇ ಜ್ಞಾಪಕ ಇರ್ಬೇಕು." ದನಿಯಲ್ಲಿ ಕೋಪವಿರಲಿಲ್ಲ, ಚೆನ್ನಾಗಿ ಓದಿಕೊಂಡ ಪಾಠ ಒಪ್ಪಿಸುವ ನೆಮ್ಮದಿ ಇತ್ತು. "ಮತ್ತೆ, ಅಂಥದ್ದೊಂದು ಇತ್ತು ಅಂತಲೇ ಇಟ್ಕೊಳ್ಳಿ. ಹತ್ತು ವರ್ಷದಿಂದ ನಾನು ಅದನ್ನ ಆರಿಸಿಯೇ ಇಲ್ಲ. ಯಾವಾಗ್ಲೂ ಹಚ್ಚಿಯೇ ಇರುತ್ತೆ. ತಪ್ಪು ಬೇರೆ ಕಡೆ ಹುಡುಕಿ."

ಮೂರೂ ಮುಕ್ಕಾಲು. ಟೈಲರಮ್ಮನ ಮುಖದಲ್ಲಿ ಬೆಳಿಗ್ಗೆ ಇದ್ದ ಚುರುಕು ಇರಲಿಲ್ಲ. "ಸಾರ್, ನನಗೆ ಹೇಳಿ," ಎಂದಳು. "ಅಣ್ಣನಿಗೆ ಬೇಡ. ಕಾರು ನನ್ನದಾಗೋದು ತಾನೆ?"

"ಆದ ಮೇಲೆ ಹೇಳ್ತೀನಮ್ಮ. ಮಾಲೀಕರು ಮಾಲೀಕರಿಗೆ ಹೇಳ್ಬಹುದು. ಆದ್ರೆ ಓಡದೆ ಕಾರು ನಿನ್ನದಾಗಲ್ಲ."

"ಹೇಳದೆ ಓಡಲ್ಲ," ಎಂದ ಮೇಸ್ತ್ರಿ.

"ಓಡದೆ ಕೊಡಲ್ಲ," ಎಂದರು ಹೆಡ್‌ಮಾಸ್ಟರು.

ಮೇಸ್ತ್ರಿಯ ಹೆಂಡತಿ ಖಾಲಿ ಡಬ್ಬಿಯ ಮುಚ್ಚಳ ಒತ್ತುತ್ತಾ, "ಇಬ್ಬರೂ ಒಂದೇ ಕಾರ್ಖಾನೇಲಿ ತಯಾರಾದೋರು," ಎಂದು ಯಾರಿಗೆಂದಿಲ್ಲದೆ ಹೇಳಿದಳು.

ಟೈಲರಮ್ಮ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು. ಬಟ್ಟೆ ಸಾಲದಾದಾಗ ಎಲ್ಲಿಂದ ಒಂದು ಚೂರು ಉಳಿಸಬಹುದು ಎಂದು ಯೋಚಿಸುವವಳ ಮುಖ ಅದು.

"ಸಾರ್, ಹೇಳ್ಬೇಡಿ ಅಂತ ತಾನೆ ಮಾತು? ಮುಟ್ಟಿ ನೋಡ್ಬೇಡಿ ಅಂತ ಇಲ್ವಲ್ಲ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ತುಂಬಾ ಹೊತ್ತು ಒರೆಸಿದರು.

"ಇಲ್ಲ," ಎಂದರು ಕೊನೆಗೆ. "ಅದು ಇರ್ಲಿಲ್ಲ."

ಎದ್ದು ಕಾರಿನ ಹತ್ತಿರ ಹೋಗಿ, ಬಾಗಿಲು ಹಿಡಿದುಕೊಂಡು ತಿರುಗಿದರು. "ಎಲ್ಲರೂ ಗೋಡೆ ಕಡೆಗೆ ಮುಖ ಮಾಡಿ."

ಮೂವರೂ ಕಪ್ಪು ಹಲಗೆಯ ಪಕ್ಕದಲ್ಲಿ ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತರು. ಮೇಸ್ತ್ರಿ ಹೀಗೆ ನಿಂತು ನಲವತ್ತೈದು ವರ್ಷವಾಗಿತ್ತು. ಆಗಲೂ ತಪ್ಪು ಅವನದೇ ಇತ್ತು.

"ಕೈ ಕಟ್ಟಬೇಕಾ ಸಾರ್?" ಎಂದಳು ಅವನ ಹೆಂಡತಿ.

"ಮಾತು ಬೇಡ," ಎಂದಿತು ಹಿಂದಿನಿಂದ ಒಂದು ದನಿ.

ಕಾರಿನ ಬಾಗಿಲು ಮುಚ್ಚಿದ ಸದ್ದು. ಸೀಟಿನ ಕಿರ್ ಎಂಬ ಸದ್ದು. ಏನೋ ಸರಿದ ಸದ್ದು. ಮೇಸ್ತ್ರಿಯ ಕುತ್ತಿಗೆಯ ನರಗಳೆಲ್ಲ ಹಿಂದಕ್ಕೆ ತಿರುಗಲು ಹವಣಿಸುತ್ತಿದ್ದವು. ಆಮೇಲೆ ಏನೂ ಕೇಳಿಸಲಿಲ್ಲ. ಸ್ವಿಚ್ಚೇ ಸುಟ್ಟುಹೋಗಿದ್ದರೆ? ಇನ್ನೊಂದು ಗಂಟೆಯಲ್ಲಿ ಏನು ಮಾಡಲಾದೀತು?

"ಇದೇನಿದು, ಆರಿದೆಯಲ್ಲ," ಎಂದು ಹೆಡ್‌ಮಾಸ್ಟರು ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ಆಮೇಲೆ, ಎಂದೂ ಇಲ್ಲದ ಅನುಮಾನದ ದನಿಯಲ್ಲಿ, "ಈ ಕಾರೊಳಗೆ ಯಾರು ಏನು ಮಾಡಿದ್ರು?"

"ಗುರುವಾರ ನಾನೇ ತೊಳೆದೆ ಸಾರ್," ಎಂದಳು ಟೈಲರಮ್ಮ ಗೋಡೆಗೆ. "ನನ್ನದಾಗುತ್ತಲ್ಲ ಅಂತ. ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಒಂದು ಸಂದಿ ಬಿಡದೆ ಉಜ್ಜಿದೆ."

ಟಿಕ್ ಎಂದು ಸಣ್ಣ ಸದ್ದಾಯಿತು. ಕೀಲಿ ತಿರುಗಿತು. ಸ್ಟಾರ್ಟರು ಒಂದೇ ಸಲ ಗರ್ ಎಂದು, ಎಂಜಿನ್ ಹತ್ತಿಕೊಂಡಿತು. ಹಳೇ ಕಾರು ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದೇ ಸಮನೆ ಗುನುಗತೊಡಗಿತು. ಗೋಡೆಯ ಕಪಾಟಿನಲ್ಲಿ ಮೊಳೆಯ ಡಬ್ಬಿಗಳು ಸಣ್ಣಗೆ ಕುಣಿದವು. ತಿರುಗಬಹುದು ಎಂದು ಯಾರೂ ಹೇಳದಿದ್ದರೂ ಮೂವರೂ ತಿರುಗಿದರು.

ಮೇಸ್ತ್ರಿ ಮಾತ್ರ ಖುಷಿಯನ್ನು ತಡೆಹಿಡಿದು, ಕಾಯಿಲ್ಲಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ ನೋಡಿದ. ಫ್ಯೂಸ್ ಡಬ್ಬಿಯ ಹಿಂದೆ ಕೈಯಿಟ್ಟು ಬಿಸಿಯೇನಾದರೂ ಇದೆಯೇ ಎಂದು ಕಾಲು ಗಂಟೆ ಕಾದ. ತಣ್ಣಗಿತ್ತು. "ರೋಗ ಏನೂ ಇರ್ಲಿಲ್ಲ ಸಾರ್," ಎಂದ. "ತೊಳೆದಿದ್ದು ಜಾಸ್ತಿ ಆಯ್ತು, ಅಷ್ಟೇ."

ಹೆಡ್‌ಮಾಸ್ಟರು ಎಂಜಿನ್ ಆರಿಸಿ ಇಳಿದು, ಕೀಲಿಯನ್ನು ಟೈಲರಮ್ಮನ ಅಂಗೈಯಲ್ಲಿಟ್ಟರು. ಆಮೇಲೆ ಅವಳನ್ನು ಷೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಏನೋ ಹೇಳಿದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು.

"ಎಲ್ಲಿ?" ಎಂದ ಮೇಸ್ತ್ರಿ.

"ಏನು ಎಲ್ಲಿ?" ಎಂದಳು ಟೈಲರಮ್ಮ. "ಅಂಥದ್ದು ಯಾವುದೂ ಇಲ್ಲ ಅಣ್ಣ."

ಐದಕ್ಕೆ ಐದು ನಿಮಿಷವಿರುವಾಗ ಗುಜರಿಯವನ ಲಾರಿ ಗೇಟಿಗೆ ಬಂತು. ಅವನು ಹಗ್ಗ ಹೆಗಲಿಗೇರಿಸಿಕೊಂಡು ಒಳಗೆ ಬರುವಷ್ಟರಲ್ಲಿ, ಅವನ ಸರಕು ಹಿಮ್ಮುಖವಾಗಿ ಅವನ ಮೇಲೆಯೇ ಬರುತ್ತಿತ್ತು. ಟೈಲರಮ್ಮನಿಗೆ ಲೈಸೆನ್ಸ್ ಇತ್ತು. ರಿವರ್ಸ್ ಅಭ್ಯಾಸ ಇರಲಿಲ್ಲ. ಬಾಗಿಲ ಕಂಬಕ್ಕೆ ಒಂದು ಗೇಣು ಇರುವಾಗ ಕಾರು ಗಕ್ಕನೆ ನಿಂತು ಆರಿಹೋಯಿತು. ಅವಳು ಮತ್ತೆ ಕೀಲಿ ತಿರುಗಿಸಿದಳು. ಹತ್ತಿಕೊಂಡಿತು.

"ಇದಾ ನನ್ನ ಗಾಡಿ?" ಎಂದ ಗುಜರಿಯವನು.

"ಆಗಿತ್ತು," ಎಂದರು ಹೆಡ್‌ಮಾಸ್ಟರು. "ಈಗ ಅವಳದು. ನೀವು ಲಾರಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ."

ಗುಜರಿಯವನು ಹಗ್ಗವನ್ನು ಲಾರಿಗೆ ಎಸೆದು, ಲಾರಿ ಸರಿಸಿ ಬಂದು, ಕಸುಬಿನ ಅಭಿಮಾನ ತಡೆಯಲಾರದೆ ತಾನೇ ಗೇಟಿನಲ್ಲಿ ನಿಂತು ಕೈಬೀಸತೊಡಗಿದ. "ಬರ್ಲಿ, ಬರ್ಲಿ, ಬಲಕ್ಕೆ ಹೊಡೀರಿ, ಇನ್ನೂ ಜಾಗ ಇದೆ, ಹೆದರ್ಬೇಡಿ ಅಕ್ಕ."

ಕಾರು ಬೀದಿಗಿಳಿಯಿತು. ಟೈಲರಮ್ಮ ಕಾರಿನಲ್ಲಿ ಕೂತೇ ಸಂಸ್ಥೆಗೆ ಫೋನ್ ಹಚ್ಚಿ, "ಆರೂ ಶಾಲೆ ಆಗುತ್ತೆ ಮೇಡಂ. ಹೌದು, ಸೋಮವಾರವೇ," ಎಂದಳು. ಮೇಸ್ತ್ರಿ, ಹೆಂಡತಿ ಮತ್ತು ಗುಜರಿಯವನು ಕೈಯಿಂದ ಕೈಗೆ ಗಂಟುಗಳನ್ನು ಸಾಗಿಸಿದರು. ಗಂಟು ತುಂಬಿದ ಗಾಡಿಗೆ ಯಾವ ದಾರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಂದು ಸುತ್ತು ನೋಡಿಬರಬೇಕಿತ್ತು. ಹೆಡ್‌ಮಾಸ್ಟರು ತಾವೂ ಬರುವುದಾಗಿ ಹೇಳಿದರು. ಮುಂದೆ ಕೂರಲು ಮಾತ್ರ ಒಪ್ಪಲಿಲ್ಲ. ಮುಂದೆ ಕೂತರೆ ಕಾಲು ಸುಮ್ಮನಿರುವುದಿಲ್ಲವಂತೆ, ಇಲ್ಲದ ಬ್ರೇಕು ಒತ್ತುತ್ತದಂತೆ. ಹಿಂದಿನ ಸೀಟಿನಲ್ಲಿ ಎರಡು ಗಂಟುಗಳ ನಡುವೆ, ಮಡಿಲಲ್ಲಿ ಮೂರನೆಯದನ್ನಿಟ್ಟುಕೊಂಡು, ನೆಟ್ಟಗೆ ಕೂತರು.

ಕಾರು ಹೊರಟಿತು. ತಿರುವಿನ ತನಕ ಮೇಸ್ತ್ರಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದ. ತಿರುವಿನಲ್ಲಿ ಅದು ತಡವರಿಸಿದಂತೆ ಕೇಳಿತು. ಆಗ ಕಾರಿನ ಕಿಟಕಿಯಿಂದ, ಬೀದಿಗೆಲ್ಲ ಕೇಳುವಂತೆ, ಮೂವತ್ತು ವರ್ಷ ತರಗತಿಯ ಕೊನೆಯ ಬೆಂಚಿಗೆ ಮುಟ್ಟಿದ ದನಿ ಬಂತು. "ಎರಡನೇ ಗೇರಮ್ಮ, ಎರಡನೇದು. ಹಾಂ, ಈಗ ಬಿಡು."

ಸದ್ದು ಸರಿಹೋಯಿತು, ದೂರವಾಯಿತು.